ತಾರಸಿ ಹತ್ತಿದ ಬಸಳೆ

ಕಲ್ಕತ್ತಾದ ಬೆಹಾಲಾದಲ್ಲಿ ಪ್ರಫುಲ್ಲಾಳ ಮನೆ. ಗಂಡ ಕೃಷ್ಣರಾಜ ಬ್ಯಾಂಕಿನಲ್ಲಿ ಗುಮಾಸ್ತ. ಊರು ಕುಂದಾಪುರದ ಕಡೆ. ಕೆಳಗೆ ಮನೆಯ ಯಜಮಾನಿ ಮಾಸಿಮಾ ಮತ್ತು ಅವರ ಸಂಸಾರ, ಮೇಲಿನ ಮಹಡಿಯಲ್ಲಿ ಬಾಡಿಗೆಗೆ ಇವರು, ಅದರ ಮೇಲೆ ಖಾಲಿ ತಾರಸಿ.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಪ್ರಫುಲ್ಲಾಳಿಗೆ ಸೊಪ್ಪಿನದೇ ಚಿಂತೆಯಾಯಿತು. ಬಜಾರಿನ ಸೊಪ್ಪು ಮನೆಗೆ ಬರುವಷ್ಟರಲ್ಲಿ ಬಾಡಿರುತ್ತಿತ್ತು. ಅದನ್ನು ಯಾವ ನೀರಿನಲ್ಲಿ ತೊಳೆದಿದ್ದಾರೋ ಎಂಬ ಅನುಮಾನ ಬೇರೆ. ಮಗಳಿಗೆ ಹೊಟ್ಟೆ ಕೆಟ್ಟ ಮೇಲಂತೂ ಅವಳು ಸೊಪ್ಪು ತರುವುದನ್ನೇ ಬಿಟ್ಟಳು. ದಿನಾ ಆಲೂಗಡ್ಡೆ, ದಿನಾ ಬೇಳೆ.

ಒಂದು ಭಾನುವಾರ ಕಲ್ಕತ್ತಾದಲ್ಲೇ ಇರುವ ಡಮ್ ಡಮ್‌ನಿಂದ ಪರಿಚಯದ ರತ್ನಾವತಿ ಬಂದರು. ಅವರ ಗಂಡ ಉಡುಪಿಯವರು, ಡಮ್ ಡಮ್‌ನಲ್ಲಿ ಒಂದು ಸಣ್ಣ ಹೋಟೆಲು ನಡೆಸುತ್ತಿದ್ದರು. ಪ್ರಫುಲ್ಲಾ ಬಡಿಸಿದ್ದನ್ನು ನೋಡಿ ರತ್ನಾವತಿ ಕೇಳಿದರು, "ಎಂತ ಮಾರಾಯ್ತಿ, ಬಟ್ಟಲಲ್ಲಿ ಒಂದು ಹಸಿರು ಎಲೆ ಇಲ್ಲ?"

"ಬಜಾರಿನ ಸೊಪ್ಪು ತಿನ್ನಲಿಕ್ಕೆ ಹೆದರಿಕೆ ಆಗ್ತದೆ ರತ್ನಕ್ಕ."

"ಬಜಾರಿಂದ ಯಾಕೆ ತರಬೇಕು? ನಿನ್ನ ತಲೆಯ ಮೇಲೆ ಅಷ್ಟು ದೊಡ್ಡ ತಾರಸಿ ಉಂಟಲ್ಲ."

ಕೃಷ್ಣರಾಜನಿಗೆ ನಗು ಬಂತು. "ತಾರಸಿಯಲ್ಲಿ ಬೇಸಾಯವಾ ರತ್ನಕ್ಕ? ನಾನು ಬೆಳಿಗ್ಗೆ ಬಸ್ಸಿಗೆ ನೇತಾಡಿಕೊಂಡು ಹೋದವ ಬರುವಾಗ ಕತ್ತಲೆ. ಇವಳಿಗೆ ಮನೆ ಕೆಲಸವೇ ಮುಗಿಯುವುದಿಲ್ಲ. ಗಿಡಗಳ ಚಾಕರಿ ಯಾರು ಮಾಡ್ತಾರೆ?"

"ಬಸಳೆಗೆ ಯಾರ ಚಾಕರಿಯೂ ಬೇಡ ರಾಯರೇ. ಬಿಸಿಲು, ನೀರು, ಹತ್ತಲಿಕ್ಕೆ ಒಂದು ಹಗ್ಗ, ಇಷ್ಟು ಸಿಕ್ಕಿದ್ರೆ ಅದರಷ್ಟಕ್ಕೆ ಅದು ಬೆಳೀತದೆ."

"ನನಗೆ ನಂಬಿಕೆ ಇಲ್ಲ."

"ನಂಬಬೇಡಿ. ಬಂದಾಗ ತಿಂದರೆ ಸಾಕು."

ಮುಂದಿನ ವಾರ ರತ್ನಾವತಿ ಹೋಟೆಲಿನ ಖಾಲಿ ಎಣ್ಣೆ ಡಬ್ಬಿಗಳನ್ನು ರಿಕ್ಷಾದಲ್ಲಿ ಹಾಕಿಕೊಂಡು ಬಂದರು. ಒದ್ದೆ ಬಟ್ಟೆಯಲ್ಲಿ ಬಸಳೆಯ ದಂಟುಗಳಿದ್ದವು, ಕಾಗದದ ಪೊಟ್ಟಣದಲ್ಲಿ ಹರಿವೆಯ ಬೀಜ. ಇಬ್ಬರೂ ಸೇರಿ ಡಬ್ಬಿಗಳ ಬಾಯಿ ಅಗಲ ಮಾಡಿದರು, ತಳಕ್ಕೆ ಮೊಳೆಯಿಂದ ತೂತು ಹೊಡೆದರು. ತೂತಿನ ಮೇಲೆ ಇಟ್ಟಿಗೆ ಚೂರು, ಅದರ ಮೇಲೆ ಮಣ್ಣು ಮತ್ತು ಒಣಗಿದ ಸಗಣಿ. ದಂಟಿನ ಎರಡು ಗಂಟು ಮಣ್ಣಿನೊಳಗೆ ಹೋಗುವ ಹಾಗೆ ನೆಟ್ಟದ್ದಾಯಿತು.

"ಚಿಗುರುವ ತನಕ ನೆರಳಲ್ಲಿಡು. ಆಮೇಲೆ ಬಿಸಿಲಿಗೆ," ಎಂದರು ರತ್ನಾವತಿ. "ಅಕ್ಕಿ ತೊಳೆದ ನೀರು ಚೆಲ್ಲಬೇಡ, ಇದಕ್ಕೆ ಹಾಕು. ತರಕಾರಿ ಸಿಪ್ಪೆಯನ್ನು ಒಂದು ಡಬ್ಬಿಯಲ್ಲಿ ಮಣ್ಣು ಮುಚ್ಚಿ ಕೊಳೆಯಲಿಕ್ಕೆ ಬಿಡು, ಅದೇ ಗೊಬ್ಬರ. ಡಬ್ಬಿಗಳನ್ನು ನೆಲಕ್ಕೆ ಮಾತ್ರ ಇಡಬೇಡ. ಕೆಳಗೆ ಇಟ್ಟಿಗೆ ಕೊಡು, ಇಲ್ಲದಿದ್ದರೆ ತಾರಸಿ ಒದ್ದೆ ಆಗಿಯೇ ಇರ್ತದೆ."

ಬಸಳೆ ಚಿಗುರಿತು. ಮಳೆ ಶುರುವಾದ ಮೇಲೆ ಅದನ್ನು ಹಿಡಿಯುವವರೇ ಇರಲಿಲ್ಲ. ಬಟ್ಟೆ ಒಣಗಿಸುವ ಹಗ್ಗ ಹಿಡಿದು ತಾರಸಿಯ ಆ ಮೂಲೆಗೆ ಹೋಗಿ ಮುಟ್ಟಿತು. ಪ್ರಫುಲ್ಲಾ ತುದಿ ಕೊಯ್ದಷ್ಟೂ ಕವಲೊಡೆಯಿತು. ಅವಳಿಗೆ ಅದು ಸಂಜೆಯ ಒಂದು ಸಣ್ಣ ಕೆಲಸ, ಅಷ್ಟೇ. ಕೃಷ್ಣರಾಜ ಬಸಳೆ ಹುಳಿಯಲ್ಲಿ ಎರಡನೇ ಸಲ ಅನ್ನ ಕಲಸುತ್ತಿದ್ದ. ಆದರೆ ಬಾಯಿಬಿಟ್ಟು ಒಪ್ಪಲಿಲ್ಲ. "ಮಳೆಗಾಲ ಅಂತ ಬಂತು," ಎನ್ನುತ್ತಿದ್ದ.

ಸೆಪ್ಟೆಂಬರಿನಲ್ಲಿ ಮಾಸಿಮಾ ತಾರಸಿಗೆ ಬಂದರು. ಅವರು ನೋಡಿದ್ದು ಡಬ್ಬಿಗಳ ಮಣ್ಣನ್ನು ಮಾತ್ರ, ಬಳ್ಳಿ ಯಾವುದೆಂದು ಗಮನಿಸಲಿಲ್ಲ. ಪ್ರಫುಲ್ಲಾಳ ಮೇಲೆ ಅವರಿಗೆ ಪ್ರೀತಿಯಿತ್ತು, ಮನೆಯ ಮೇಲೆ ಇನ್ನೂ ಹೆಚ್ಚು ಪ್ರೀತಿ. ತಮ್ಮ ಬಂಗಾಳಿ ಬೆರೆತ ಹಿಂದಿಯಲ್ಲಿ ಖಡಾಖಂಡಿತವಾಗಿ ಹೇಳಿದರು: ಈ ಮಣ್ಣಿನ ಭಾರಕ್ಕೆ ತಾರಸಿ ಸೋರುತ್ತದೆ. ಸೊಳ್ಳೆಯೂ ಬರುತ್ತದೆ. ದುರ್ಗಾಪೂಜೆಗೆ ಮುಂಚೆ ಎಲ್ಲ ಖಾಲಿಯಾಗಬೇಕು.

"ನಾನು ಮೊದಲೇ ಹೇಳಿದ್ದೆ," ಎಂದ ಕೃಷ್ಣರಾಜ.

ಹೂ ಬಿಡಲು ಹೊರಟಿದ್ದ ಬಳ್ಳಿಯನ್ನು ಕೀಳಲು ಪ್ರಫುಲ್ಲಾಳಿಗೆ ಕೈ ಬರಲಿಲ್ಲ. ನಾಳೆ ನೋಡೋಣ ಎಂದು ದಿನ ತಳ್ಳಿದಳು.

ಅಷ್ಟರಲ್ಲಿ ತಿಂಗಳ ಕೊನೆಯ ಆ ಮಳೆ ಬಂತು. ಹಗಲೂ ರಾತ್ರಿ ಎಡೆಬಿಡದೆ ಸುರಿಯಿತು. ಗಲ್ಲಿ ಹೊಳೆಯಾಯಿತು. ಕೆಳಗಿನ ಮನೆಯೊಳಗೆ ನೀರು ಮಂಚದ ಎತ್ತರಕ್ಕೆ ಏರಿತು. ಮಾಸಿಮಾರ ಸೊಸೆ ಬಸುರಿ, ಏಳು ತಿಂಗಳು ತುಂಬಿತ್ತು. ಕೃಷ್ಣರಾಜ ತೊಡೆಯ ತನಕದ ನೀರಿಗೆ ಇಳಿದು, ಅವಳ ಕೈ ಹಿಡಿದು ಮೆಟ್ಟಿಲಿಗೆ ದಾಟಿಸಿದ. ಎಲ್ಲರೂ ಮೇಲಿನ ಮಹಡಿಗೆ ಬಂದು ಸೇರಿದರು.

ಅಕ್ಕಿ ಬೇಳೆ ಇತ್ತು, ಸೀಮೆಎಣ್ಣೆ ಸ್ಟವ್ ಇತ್ತು. ಆದರೆ ಬಜಾರು ಮುಳುಗಿತ್ತು, ತರಕಾರಿಯ ಗಾಡಿ ಊರೊಳಗೆ ಬರುವ ಹಾಗಿರಲಿಲ್ಲ. ಡಾಕ್ಟರು ಸೊಸೆಗೆ ದಿನಾ ಸೊಪ್ಪು ತಿನ್ನಲು ಹೇಳಿದ್ದರು, ಅವಳಲ್ಲಿ ರಕ್ತ ಕಡಿಮೆಯಿತ್ತು. ಬರೀ ಅನ್ನ ಬೇಳೆಯ ತಟ್ಟೆ ನೋಡಿ ಮಾಸಿಮಾ ಕಣ್ಣೊರೆಸಿಕೊಂಡರು.

ಪ್ರಫುಲ್ಲಾ ಎದ್ದು ತಾರಸಿಗೆ ಹೋದಳು. ಹರಿವೆ ಮಳೆಯ ಹೊಡೆತಕ್ಕೆ ಮಲಗಿಬಿಟ್ಟಿತ್ತು. ಬಸಳೆ ಮಾತ್ರ ದಪ್ಪ ಎಲೆಗಳನ್ನು ಹರಡಿಕೊಂಡು ಹಗ್ಗ ಬಿಡದೆ ನಿಂತಿತ್ತು. ಡಬ್ಬಿಯ ತೂತಿನಿಂದ ನೀರು ಇಳಿದು ಹೋಗಿತ್ತು, ಬೇರು ಕೊಳೆತಿರಲಿಲ್ಲ. ಅವಳು ಮಡಿಲು ತುಂಬ ಕೊಯ್ದು, ಕುದಿಸಿ ಆರಿಸಿದ ನೀರಿನಲ್ಲಿ ತೊಳೆದು, ಬೇಳೆಯೊಂದಿಗೆ ಬೇಯಿಸಿದಳು.

ಸೊಸೆ ಒಂದು ತುತ್ತು ತಿಂದು ಅತ್ತೆಯ ಮುಖ ನೋಡಿದಳು. "ಪುಯಿ ಶಾಕ್, ಮಾ," ಎಂದಳು. ಬಂಗಾಳಿಯಲ್ಲಿ ಬಸಳೆಗೆ ಅದೇ ಹೆಸರು, ಅವಳ ತವರಿನ ಸೊಪ್ಪೂ ಅದೇ ಆಗಿತ್ತು.

ಮಾಸಿಮಾ ತಲೆಯೆತ್ತಿ ಕೋಣೆಯ ಚಾವಣಿಯನ್ನು ಮೂಲೆಮೂಲೆಗೂ ನೋಡಿದರು. ಅಷ್ಟು ಮಳೆಗೂ ಒಂದು ಹನಿ ಸೋರಿರಲಿಲ್ಲ. ಇಟ್ಟಿಗೆಯ ಮೇಲಿದ್ದ ಡಬ್ಬಿಗಳ ಅಡಿಯಲ್ಲಿ ನೀರು ನಿಂತಿರಲಿಲ್ಲ. ನಿಂತ ನೀರಿಲ್ಲದ ಕಡೆ ಸೊಳ್ಳೆಗೂ ಜಾಗವಿಲ್ಲ.

"ನಿನ್ನ ಬಳ್ಳಿ ಇರಲಿ," ಎಂದರು ಅವರು. "ನನಗೂ ಒಂದು ಡಬ್ಬಿ ಮಾಡಿಕೊಡು."

ನೀರು ಇಳಿಯುವ ತನಕ ಆ ಬಳ್ಳಿ ಎರಡು ಸಂಸಾರಕ್ಕೆ ಉಣಿಸಿತು. ಅಷ್ಟೇ ಅಲ್ಲ. ಪಕ್ಕದ ತಾರಸಿಯಿಂದ ಒಬ್ಬಾಕೆ ಆಸೆಯಿಂದ ನೋಡುತ್ತಿದ್ದದ್ದು ಕೃಷ್ಣರಾಜನ ಕಣ್ಣಿಗೆ ಬಿತ್ತು. ಅವನೇ ಸೊಪ್ಪಿನ ಕಟ್ಟು ಮಾಡಿ ಆಚೆ ದಾಟಿಸಿದ. ಅಲ್ಲಿಂದ ಅದರಾಚೆಯ ತಾರಸಿಗೂ ಹೋಯಿತು. ನೀರು ತುಂಬಿದ ಗಲ್ಲಿಯ ಮೇಲೆ ಮನೆಯಿಂದ ಮನೆಗೆ ಹಸಿರು ಕಟ್ಟುಗಳು ಕೈ ಬದಲಾಯಿಸಿದವು. ಜನ ಕೂಗಿ ಕೂಗಿ ಕೇಳಿದರು, ಇದು ಯಾರ ತೋಟದ್ದು ಎಂದು.

"ನಮ್ಮದು," ಎಂದು ಕೃಷ್ಣರಾಜ ಕೂಗಿ ಹೇಳಿದ. "ನನ್ನ ಹೆಂಡತಿ ಬೆಳೆಸಿದ್ದು."

ಪ್ರಫುಲ್ಲಾ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅವಳಿಗೆ ಆ ದಿನ ಇನ್ನೇನೂ ಬೇಕಾಗಿರಲಿಲ್ಲ.

ನೀರು ಇಳಿದ ಮೇಲೆ ದಂಟು ಕೇಳಿಕೊಂಡು ಬಂದವರಿಗೆ ಲೆಕ್ಕವಿಲ್ಲ. ರತ್ನಾವತಿ ಮತ್ತೆ ರಿಕ್ಷಾ ತುಂಬ ಡಬ್ಬಿ ತಂದರು. ಕೃಷ್ಣರಾಜ ಪ್ಯಾಂಟು ಮಡಚಿ, ತಾನೇ ಕೂತು ತೂತು ಹೊಡೆದ. ಚಳಿಗಾಲದಲ್ಲಿ ಮಾಸಿಮಾರ ಮನೆಯಲ್ಲಿ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಆರೋಗ್ಯವಾಗಿದ್ದರು. ಮುಂದಿನ ವರ್ಷ ಮಳೆ ಬರುವಾಗ ಆ ಗಲ್ಲಿಯ ತಾರಸಿಗಳೆಲ್ಲ ಹಸಿರಾಗಿದ್ದವು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಬಿಸಿಲು ಬೀಳುವ ಒಂದು ಮೂಲೆ ಇದ್ದೇ ಇರುತ್ತದೆ. ಕಿಟಕಿಯ ಕಟ್ಟೆಯಾದರೂ ಸಾಕು. ಗದ್ದೆ ಬೇಡ, ಆಳು ಬೇಡ, ಬಿಡುವು ಸಿಗಲೆಂದು ಕಾಯುವುದೂ ಬೇಡ. ಒಡೆದ ಬಕೆಟ್ಟೋ ಹಳೆಯ ಡಬ್ಬಿಯೋ ಹುಡುಕಿ, ತಳಕ್ಕೆ ತೂತು ಮಾಡಿ, ಮಣ್ಣು ತುಂಬಿ. ನೆರೆಮನೆಯವರಲ್ಲಿ ಕೇಳಿದರೆ ಒಂದು ದಂಟು ಇಲ್ಲ ಎನ್ನಲಾರರು. ಅದು ಚಿಗುರಿದ ಮೇಲೆ ನೀವೂ ಇನ್ನೊಬ್ಬರಿಗೆ ಕೊಡಿ. ಈ ಭಾನುವಾರವೇ ನೆಡಿ.