ಜಿರಾಫೆಯ ಕೋಣೆಗೆ ಪರದೆ

"ನಾನು ಮದುವೆ ಆಗ್ತಾ ಇದೀನಿ" ಎಂದು ಅಮ್ಮ ಹೇಳಿದಾಗ ಮಗಳು ಪಾತ್ರೆ ಒರೆಸುತ್ತಿದ್ದಳು. ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು, ಕೈ ಒರೆಸಿಕೊಂಡು, ಅಮ್ಮನ ಮುಖವನ್ನೇ ನೋಡಿದಳು.

"ಯಾರನ್ನ?"

"ಜಿರಾಫೆನ."

ಮಗಳು ಕಿರುಚಿದ ರಭಸಕ್ಕೆ ಪಕ್ಕದ ಮನೆಯ ನಾಯಿ ಬೊಗಳತೊಡಗಿತು. ಅಮ್ಮನನ್ನು ಅಪ್ಪಿಕೊಂಡು ಅಡುಗೆಮನೆಯಲ್ಲೇ ಒಂದು ಸುತ್ತು ತಿರುಗಿಸಿಬಿಟ್ಟಳು. "ಬಿಡೇ, ಸೊಂಟ ಉಳುಕುತ್ತೆ" ಎಂದು ಅಮ್ಮ ಬೈದರೂ ಅವಳ ಮುಖ ಕೆಂಪಗಾಗಿತ್ತು.

ಅಮ್ಮ ಆಸ್ಪತ್ರೆಯಲ್ಲಿ ನರ್ಸು. ಮೂಳೆ ಮುರಿದವರ ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡಿ, ಹಗಲು ಮಲಗಿ ಮಗಳನ್ನು ಬೆಳೆಸಿದವಳು. ಗಂಡ ತೀರಿಕೊಂಡಾಗ ಮಗಳಿಗೆ ಇನ್ನೂ ಸರಿಯಾಗಿ ಮಾತು ಬರುತ್ತಿರಲಿಲ್ಲ. ಈಗ ಆ ಮಗಳು ಕನ್ನಡಕದ ಅಂಗಡಿಯೊಂದರಲ್ಲಿ ಜನರ ಕಣ್ಣು ಪರೀಕ್ಷಿಸುತ್ತಾಳೆ, ಅಮ್ಮನ ಮನೆಗೆ ಹತ್ತಿರದಲ್ಲೇ ಬೇರೆ ಮನೆ ಮಾಡಿಕೊಂಡಿದ್ದಾಳೆ. ಇನ್ನು ಜಿರಾಫೆ ಎಂದರೆ ಬಂದರಿನಲ್ಲಿ ಕ್ರೇನು ನಡೆಸಿ ನಿವೃತ್ತನಾದ ಮನುಷ್ಯ. ಆ ಹೆಸರನ್ನು ಅವನಿಗೆ ಇಟ್ಟವರು ಬಂದರಿನ ಕೂಲಿಗಳು. ಕಾಲು ಮುರಿದುಕೊಂಡು ವಾರ್ಡಿಗೆ ಬಂದಾಗ ಅವನ ಪಾದಗಳು ಮಂಚದ ಆಚೆ ಗಾಳಿಯಲ್ಲಿ ತೂಗುತ್ತಿದ್ದವು. ಅಮ್ಮ ಒಂದು ಸ್ಟೂಲು ತಂದು, ಅದರ ಮೇಲೆ ದಿಂಬಿಟ್ಟು, ಮಂಚಕ್ಕೆ ಕಟ್ಟಿದ್ದಳು. "ನನ್ನ ಉದ್ದಕ್ಕೆ ಸರಿಯಾದ ಹಾಸಿಗೆ ನನಗೆ ಸಿಕ್ಕಿದ್ದು ಇದೇ ಮೊದಲು ಸಿಸ್ಟರ್" ಎಂದಿದ್ದನಂತೆ. ಕಾಲು ವಾಸಿಯಾದ ಮೇಲೂ ಏನಾದರೊಂದು ನೆಪ ಹುಡುಕಿ ಆಸ್ಪತ್ರೆಯ ಗೇಟಿನ ಹತ್ತಿರ ನಿಂತಿರುತ್ತಿದ್ದ.

"ಎಲ್ಲಿರ್ತೀರಿ ಇಬ್ಬರೂ?"

"ಅವರ ಮನೇಲಿ. ಮೇಲಿನ ಕೋಣೇಲಿ. ಒಂದೇ ಒಂದು ತೊಂದರೆ ಇದೆ." ಅಮ್ಮ ಕೊಂಚ ತಡೆದಳು. "ಪರದೆ."

ಆ ಭಾನುವಾರವೇ ಮಗಳು ಕೋಣೆ ನೋಡಲು ಹೋದಳು. ಬಂದರಿನ ಹಿಂದಿನ ಬೀದಿಯಲ್ಲಿ ಅಗಲವಿಲ್ಲದ, ಎತ್ತರಕ್ಕೆ ಬೆಳೆದ ಮನೆ. ಕೆಳಗೆ ಬಾಡಿಗೆಗೆ ಕೊಟ್ಟ ಮುದ್ರಣಾಲಯ. ಯಂತ್ರದ ಸದ್ದು, ಶಾಯಿಯ ವಾಸನೆ. ಕಡಿದಾದ ಮರದ ಮೆಟ್ಟಿಲು ಹತ್ತಿದರೆ ಸೂರಿನಡಿಯ ಕೋಣೆ. ಕೋಣೆ ಅನ್ನುವುದಕ್ಕಿಂತ ಡೇರೆ ಅನ್ನಬಹುದಿತ್ತು. ನಡುವೆ ಮಾತ್ರ ನೆಟ್ಟಗೆ ನಿಲ್ಲುವಷ್ಟು ಎತ್ತರ, ಅದೂ ಅಮ್ಮನಂಥವರಿಗೆ. ಎರಡೂ ಬದಿಗೆ ಸೂರು ಜಾರುತ್ತ ಜಾರುತ್ತ ಮೊಣಕಾಲಿನ ತನಕ ಇಳಿದಿತ್ತು. ಜಿರಾಫೆ ಅದರೊಳಗೆ ಕುತ್ತಿಗೆ ಬಗ್ಗಿಸಿಕೊಂಡೇ ಓಡಾಡುತ್ತಿದ್ದ. ಅಡ್ಡತೊಲೆಗೆ ಹಳೆಯ ಟವೆಲ್ಲೊಂದನ್ನು ಸುತ್ತಿದ್ದ.

"ಇದ್ಯಾಕೆ?" ಎಂದಳು ಮಗಳು.

"ಹಣೆಗೂ ತೊಲೆಗೂ ರಾಜಿ ಮಾಡ್ಸಿದೀನಿ."

ಕಿಟಕಿಗಳು ಎರಡು. ಒಂದು ತುದಿಯ ಗೋಡೆಯಲ್ಲಿ, ಪುಟ್ಟದು; ಅದರಾಚೆ ಬಂದರು ಪೂರ್ತಿ ಕಾಣುತ್ತಿತ್ತು, ಹಡಗು, ಕ್ರೇನು, ನೀರು. ಇನ್ನೊಂದು ಇಳಿಜಾರು ಸೂರಿನಲ್ಲೇ ಕೂರಿಸಿದ ದೊಡ್ಡ ಗಾಜು, ಸರಿಯಾಗಿ ಮಂಚದ ಮೇಲೆ. ಅದಕ್ಕೆ ಜಿರಾಫೆ ಹಳೆಯ ಪತ್ರಿಕೆ ಅಂಟಿಸಿದ್ದ.

"ನಾನು ಹಗಲು ಮಲಗೋಳು" ಎಂದಳು ಅಮ್ಮ. "ಇಲ್ಲಿ ಮಲಗಿದ್ರೆ ಬಿಸಿಲಲ್ಲಿ ಬೆಂದುಹೋಗ್ತೀನಿ. ಪೇಪರ್ ಹಾಗೇ ಇರಲಿ ಅಂದ್ರೆ, ಕಣ್ಣು ಬಿಟ್ಟಾಗೆಲ್ಲ ಅದೇ ಹಳೇ ಸುದ್ದಿ ಓದಬೇಕು."

"ಕೆಳಗಿನ ಕೋಣೆ ಖಾಲಿ ಮಾಡಿಸ್ತೀನಿ ಅಂದೆ" ಎಂದ ಜಿರಾಫೆ. "ಇವರೇ ಬೇಡ ಅಂದ್ರು."

"ಬೇಡ. ಇಡೀ ಜೀವಮಾನ ಮೇಲೆ ಕೂತು ಕೆಳಗೆ ನೋಡಿದವರು ನೀವು. ನೆಲದ ಮೇಲೆ ಇಟ್ರೆ ಬಾಡಿಹೋಗ್ತೀರಿ." ಅಮ್ಮ ಪುಟ್ಟ ಕಿಟಕಿಯ ಕಡೆ ಕೈ ತೋರಿಸಿದಳು. "ಇದಕ್ಕೂ ಒಂದು ದಪ್ಪ ಪರದೆ ಬೇಕು."

ಜಿರಾಫೆ ಹೂಂ ಎಂದ. ಆದರೆ ಅವನ ಕಣ್ಣು ಒಂದು ಗಳಿಗೆ ಬಂದರಿನ ಕಡೆ ಹೋಗಿ ಬಂದದ್ದನ್ನು ಮಗಳು ನೋಡಿದಳು. ಅಮ್ಮನೂ ನೋಡಿದಳು.

ಪರದೆ ಅಂಗಡಿಗೆ ಹೋಗುವ ದಿನ ಮಗಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಫೋನಿನ ತುಂಬ ಚಿತ್ರಗಳನ್ನು ಕೂಡಿಟ್ಟುಕೊಂಡಿದ್ದಳು. ತಗ್ಗಿನ ಕೋಣೆಗೆ ಬಿಳಿಯೇ ಬೇಕು, ಪರದೆ ಆದಷ್ಟು ಮೇಲಿನಿಂದ ನೆಲ ಮುಟ್ಟುವ ತನಕ ಇಳಿಯಬೇಕು, ಆಗ ಸೂರು ಎತ್ತರವಾಗಿ ಕಾಣುತ್ತದೆ ಎಂದು ದಾರಿಯುದ್ದಕ್ಕೂ ಪಾಠ ಮಾಡಿದಳು. ಅಮ್ಮ "ಸರಿ, ಸರಿ" ಎನ್ನುತ್ತ ಪಕ್ಕದಲ್ಲಿ ನಡೆದಳು.

ಅಂಗಡಿಯೊಳಗೆ ಕಾಲಿಟ್ಟದ್ದೇ ತಡ, ಅಮ್ಮ ಪಾಠವನ್ನೆಲ್ಲ ಮರೆತಳು. ಗೋಡೆಯುದ್ದಕ್ಕೂ ಬಟ್ಟೆಯ ಸುರುಳಿಗಳು. ಅವಳು ಅವುಗಳ ಮೇಲೆ ಬೆರಳಾಡಿಸುತ್ತ ಹೋದಳು. ಹಸಿರು ಬಂದಾಗ ಮೂಗು ಮುರಿದು ಮುಂದೆ ಸರಿದಳು, ಆಸ್ಪತ್ರೆಯ ಪರದೆಗಳೆಲ್ಲ ಹಸಿರೇ. ಕೊನೆಗೆ ಒಂದು ಕಡೆ ನಿಂತುಬಿಟ್ಟಳು. ಮಾಗಿದ ಕಿತ್ತಳೆ ಬಣ್ಣ, ನೇಯ್ಗೆ ಒತ್ತಾಗಿತ್ತು. ಕೆನ್ನೆಗೆ ಒತ್ತಿ ನೋಡಿದಳು.

"ಅಮ್ಮಾ, ಇದು ಬೇಡ. ಆ ಕೋಣೆಗೆ ಇಷ್ಟು ಗಾಢ ಬಣ್ಣ ಹಾಕಿದ್ರೆ ಸೂರು ತಲೆ ಮೇಲೆ ಬಂದು ಕೂರುತ್ತೆ."

ಅಷ್ಟರಲ್ಲಿ ಅಂಗಡಿಯ ಯಜಮಾನಿ ಬಂದಳು. ಕೊರಳಲ್ಲಿ ಅಳತೆಪಟ್ಟಿ, ತುಟಿಯಂಚಿನಲ್ಲಿ ನಗು. ಹೊಸ ಸಂಸಾರದ ಕೋಣೆಗೆ ಎಂದು ತಿಳಿದ ಕೂಡಲೇ ಮಗಳ ಕಡೆ ತಿರುಗಿ, "ಹಾಗಾದ್ರೆ ನಿಮ್ಮ ಇಷ್ಟವೇ ಮುಖ್ಯ ಕಣಮ್ಮ. ಈ ಅತ್ತೆ ಅಮ್ಮಂದಿರು ಹೇಳಿದ್ದಕ್ಕೆಲ್ಲ ತಲೆ ಆಡಿಸಬೇಡಿ. ಮದುವೆ ಯಾವಾಗ?" ಎಂದಳು.

ಮಗಳು ಬಾಯಿ ತೆರೆಯುವ ಮೊದಲೇ ಅಮ್ಮ ಬಟ್ಟೆಯ ಸುರುಳಿಯ ಹಿಂದಿನಿಂದ ಹೇಳಿದಳು:

"ಮದುಮಗಳು ನಾನು."

ಅಂಗಡಿಯಲ್ಲಿ ಕತ್ತರಿಯ ಸದ್ದೂ ನಿಂತಿತು. ಯಜಮಾನಿ ಅಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಅಮ್ಮನ ನರೆಗೂದಲು, ದಪ್ಪ ಅಟ್ಟೆಯ ಚಪ್ಪಲಿ. ಆಮೇಲೆ ಮೇಜು ಸುತ್ತಿ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. "ಅಯ್ಯೋ ನನ್ನಮ್ಮ! ಬನ್ನಿ, ಕೂತ್ಕೊಳ್ಳಿ. ಹುಡುಗ ಹೇಗಿದಾನೆ?"

"ಉದ್ದ" ಎಂದಳು ಅಮ್ಮ, ಮತ್ತು ಅಂಗಡಿಗೆ ಅಂಗಡಿಯೇ ನಕ್ಕಿತು.

ಅಷ್ಟಾದರೂ ಮಗಳು ಪಟ್ಟು ಬಿಡಲಿಲ್ಲ. ಚಿತ್ರ ತೋರಿಸಿದಳು, ವಾದಿಸಿದಳು, ಗೋಗರೆದಳು. "ಕೋಣೆ ನೋಡದೆ ನಾನೇನು ಹೇಳಲಿ" ಎಂದು ಯಜಮಾನಿ ಕೈಚೆಲ್ಲಿದಳು. ಕೊನೆಗೆ ಅಮ್ಮ ಕಿತ್ತಳೆ ಬಟ್ಟೆಯನ್ನು ಇನ್ನೊಮ್ಮೆ ಸವರಿ, "ನಿನ್ನಿಷ್ಟದಂತೆ ಆಗಲಿ ಬಿಡು. ನಿನಗೆ ಇದೆಲ್ಲ ಗೊತ್ತಾಗುತ್ತೆ" ಎಂದಳು. ಸೂರಿನ ತುದಿಯಿಂದ ನೆಲದ ತನಕ ಇಳಿಯುವ, ಹಿಂದೆ ದಪ್ಪ ಅಸ್ತರಿರುವ ಬಿಳಿ ಪರದೆಗಳು ಮನೆಗೆ ಬಂದವು.

ಅವನ್ನು ಕಟ್ಟಲು ಮೂವರೂ ಮಧ್ಯಾಹ್ನ ಸೇರಿದರು. ಅಮ್ಮ ಹಿಂದಿನ ರಾತ್ರಿ ಪಾಳಿ ಮುಗಿಸಿ, ಸರಿಯಾಗಿ ನಿದ್ದೆಯನ್ನೂ ಮಾಡದೆ ಬಂದಿದ್ದಳು. ಜಿರಾಫೆ ಸ್ಟೂಲಿನ ಗೊಡವೆಯಿಲ್ಲದೆ ನಿಂತಲ್ಲೇ ಸೂರಿನ ತುದಿಗೆ ಸರಳು ಬಿಗಿದ. ಪತ್ರಿಕೆಗಳನ್ನು ಕಿತ್ತು ಹಾಕಿದರು. ಬಿಸಿಲು ದಬಕ್ಕನೆ ಒಳಗೆ ಸುರಿಯಿತು.

"ಈಗ ನೋಡಿ" ಎಂದು ಮಗಳು ಪರದೆಯನ್ನು ಎಳೆದಳು.

ಪರದೆ ನೆಟ್ಟಗೆ ಕೆಳಗಿಳಿಯಿತು. ಕಿಟಕಿ ಇದ್ದದ್ದು ಇಳಿಜಾರಿನಲ್ಲಿ. ಪರದೆಗೇನು ಗೊತ್ತು ಇಳಿಜಾರು? ಅದು ಕೋಣೆಯ ನಟ್ಟನಡುವೆ, ಮಂಚವನ್ನು ಎರಡು ಭಾಗ ಮಾಡಿ ನಿಂತಿತು. ಬಿಸಿಲು ಮಾತ್ರ ಅದರ ಹಿಂದೆ ಮಂಚದ ಮೇಲೆ ಹಾಯಾಗಿ ಬಿದ್ದುಕೊಂಡಿತ್ತು.

ಅಮ್ಮ ಮಂಚದ ಅಂಚಿನಲ್ಲಿ ಕುಳಿತಳು. ಮುಖ ಸಣ್ಣದಾಗಿತ್ತು. "ವಾರ್ಡಿನ ಹಾಗಿದೆ" ಎಂದಳು ಮೆಲ್ಲಗೆ.

ಅಷ್ಟರಲ್ಲಿ ಪರದೆಯ ಆಚೆಯಿಂದ ಜಿರಾಫೆಯ ದನಿ ಕೇಳಿತು: "ಸಿಸ್ಟರ್, ಇದರಲ್ಲಿ ನನ್ನ ಹಾಸಿಗೆ ಯಾವುದು?"

ಅಮ್ಮನ ಭುಜ ಅಲುಗಿತು. ಅಳುತ್ತಿದ್ದಾಳೇನೋ ಎಂದು ಮಗಳು ಬಗ್ಗಿ ನೋಡಿದರೆ, ಅವಳು ನಗು ತಡೆಯುತ್ತಿದ್ದಳು. ಜಿರಾಫೆ ಈಚೆ ಬರಲು ಪರದೆಯ ನಡುವಿನ ಸಂದು ಹುಡುಕಿದ. ಸಂದು ಸಿಗಲಿಲ್ಲ. ಹುಡುಕಿದಷ್ಟೂ ಬಟ್ಟೆ ಅವನನ್ನು ಸುತ್ತಿಕೊಂಡಿತು; ಮೊದಲು ಕೈ, ಆಮೇಲೆ ತಲೆ. ಬಿಳಿ ಗಂಟೊಂದು ಕೋಣೆಯ ನಡುವೆ ತಿರುಗತೊಡಗಿತು. "ಬೆಳಕು ಎಲ್ಲಿದೆ? ಯಾರಾದ್ರೂ ಹೇಳ್ರೋ!" ಎನ್ನುತ್ತಿದ್ದಂತೆ ಸರಳು ಕಿತ್ತುಬಂದು, ಪರದೆ, ಜಿರಾಫೆ, ಸುಣ್ಣದ ಪುಡಿ ಎಲ್ಲವೂ ಒಟ್ಟಿಗೆ ಮಂಚದ ಮೇಲೆ ಬಿದ್ದವು. ಅಮ್ಮನೂ ಅದರಡಿ ಸಿಕ್ಕಿಕೊಂಡಳು. ಬಟ್ಟೆಯೊಳಗಿಂದ ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಗುವುದು ಕೇಳಿ ಕೆಳಗಿನ ಮುದ್ರಣಾಲಯದವರು ಯಂತ್ರ ನಿಲ್ಲಿಸಿ, "ಏನಾಯ್ತು ಮೇಲೆ?" ಎಂದು ಕೂಗಿದರು.

ನಗು ತುಸು ಇಳಿದ ಮೇಲೆ ಅಮ್ಮ ಮಲಗಿದಲ್ಲಿಂದಲೇ ಬಟ್ಟೆಯ ಒಂದಂಚನ್ನು ಎತ್ತಿ ಹಿಡಿದಳು. "ಉದ್ದದವರೇ, ಇದನ್ನ ಮೇಲೆ ಸೂರಿಗೆ ಒತ್ತಿ ಹಿಡೀರಿ. ಹಾಂ, ಅಲ್ಲೇ." ಇನ್ನೊಂದಂಚನ್ನು ತಾನೇ ಸೂರಿನ ಬುಡಕ್ಕೆ, ಮೊಣಕಾಲ ಮಟ್ಟದ ಗೋಡೆಗೆ ಎಳೆದು ಬಿಗಿದಳು, ಹಾಸಿಗೆಯ ಹೊದಿಕೆಯನ್ನು ಮಡಿಚಿ ಸಿಗಿಸುವ ಹಾಗೆ. ಬಟ್ಟೆ ಇಳಿಜಾರಿಗೆ ಅಂಟಿಕೊಂಡು ಮಲಗಿತು. ಕೋಣೆ ತಟ್ಟನೆ ತಂಪಾಯಿತು.

"ಮೇಲೊಂದು ಸರಳು, ಕೆಳಗೊಂದು ಸರಳು!" ಮಗಳು ಜಿಗಿದೆದ್ದಳು. ಜಿಗಿದ ರಭಸಕ್ಕೆ ತೊಲೆಗೆ ತಲೆ ತಾಗಿದರೂ ಲೆಕ್ಕಿಸಲಿಲ್ಲ. "ಜಾರೋ ಪರದೆ! ಉದ್ದ ಬೇಕಾಗೇ ಇಲ್ಲ! ಅಮ್ಮಾ, ಏಳು. ಚಪ್ಪಲಿ ಹಾಕ್ಕೋ."

"ಎಲ್ಲಿಗೆ?"

"ಆ ಕಿತ್ತಳೆ ತರೋಕೆ. ಯಾರಾದ್ರೂ ಕೊಂಡುಬಿಟ್ರೆ?"

ಅಮ್ಮ ಅವಳನ್ನೇ ನೋಡಿದಳು. "ಸೂರು ತಲೆ ಮೇಲೆ ಕೂರುತ್ತೆ ಅಂದೆಯಲ್ಲ?"

"ಕೂರಲಿ. ಇಲ್ಲಿ ಮಲಗೋದು ನಾನಾ?"

ಮೂವರೂ ಓಡುನಡಿಗೆಯಲ್ಲಿ ಬೀದಿಗಿಳಿದರು. ಜಿರಾಫೆಯ ಒಂದು ಹೆಜ್ಜೆಗೆ ಅಮ್ಮ ಮೂರು ಹೆಜ್ಜೆ ಹಾಕುತ್ತ, ಏದುಸಿರು ಬಿಡುತ್ತ, ಮಧ್ಯೆ ಮಧ್ಯೆ ಮತ್ತೆ ನಗುತ್ತ. ಅಂಗಡಿಯ ಯಜಮಾನಿ ಬಾಗಿಲಲ್ಲೇ ಇದ್ದಳು. ತಲೆಯ ಮೇಲೆ ಸುಣ್ಣದ ಪುಡಿ ಹೊತ್ತು ಬಂದ ಎತ್ತರದ ಮನುಷ್ಯನನ್ನು ಕಂಡು, "ಹುಡುಗ ಇವರೇನಾ!" ಎಂದಳು. ಕಿತ್ತಳೆಯ ಸುರುಳಿ ಇದ್ದಲ್ಲೇ ಇತ್ತು. ನಡೆದದ್ದನ್ನು ಕೇಳಿ ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಮಾರನೆಯ ದಿನ ತಾನೇ ಹೊಲಿದು, ಅಂಗಡಿಯನ್ನು ಮಗನ ಕೈಗೆ ಬಿಟ್ಟು, ಕಟ್ಟಿಕೊಡಲು ಬಂದೇಬಿಟ್ಟಳು.

ಅವಳು ಬರುವ ಮೊದಲೇ ಅಮ್ಮ ಮತ್ತೊಂದು ಕೆಲಸ ಮಾಡಿಸಿದ್ದಳು. ಮಂಚವನ್ನು ತಿರುಗಿಸಿ, ಅದರ ತಲೆಭಾಗವನ್ನು ಬಂದರಿನ ಕಡೆಯ ಗೋಡೆಗೆ ಒತ್ತಿಸಿದ್ದಳು.

"ಹೀಗೆ ಮಲಗಿದ್ರೆ ಈ ಕಿಟಕಿ ನನ್ನ ತಲೆ ಹಿಂದೆ. ಕಣ್ಣಿಗೆ ಬೆಳಕು ಬೀಳಲ್ಲ" ಎಂದಳು, ಜಿರಾಫೆಯ ಮುಖ ನೋಡದೆ. "ಇದಕ್ಕೆ ಪರದೆ ಬೇಡ."

"ನಿದ್ದೆಗೆ ತೊಂದರೆ ಆದ್ರೆ?"

"ಆದಾಗ ಹೇಳ್ತೀನಿ. ಬಾಯಿ ಇಲ್ವಾ ನಂಗೆ?"

ಜಿರಾಫೆ ಆ ಕಿಟಕಿಯ ಗಾಜನ್ನು ತನ್ನ ಅಂಗಿಯ ತೋಳಿನಿಂದಲೇ ಒರೆಸತೊಡಗಿದ. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದ.

ಯಜಮಾನಿ ಮೇಲಿನ ಸರಳು, ಕೆಳಗಿನ ಸರಳು ಬಿಗಿಸಿ, ಬಟ್ಟೆ ಪೋಣಿಸಿ, "ಮದುಮಗಳೇ ಎಳೀಲಿ" ಎಂದು ಪಕ್ಕಕ್ಕೆ ಸರಿದಳು. ಅಮ್ಮ ಎಳೆದಳು. ಬಿಸಿಲು ಬಟ್ಟೆಯ ಹಿಂದೆ ನಿಂತುಹೋಯಿತು. ಬಣ್ಣ ಮಾತ್ರ ಒಳಗೆ ಬಂತು. ಇಳಿಜಾರು, ತೊಲೆ, ಹಳೆಯ ಟವೆಲ್ಲು, ನಾಲ್ವರ ಮುಖ, ಎಲ್ಲದರ ಮೇಲೂ ಸಂಜೆಗೆಂಪಿನಂಥ ಬೆಳಕು. ಸೂರು ಎತ್ತರವಾಗಿಯೇನೂ ಕಾಣಲಿಲ್ಲ. ಇನ್ನಷ್ಟು ಹತ್ತಿರ ಬಂದಂತಿತ್ತು, ಮಲಗಿದವರ ಮೇಲೆ ಯಾರೋ ಬಾಗಿ ವಿಚಾರಿಸುವ ಹಾಗೆ.

"ಅಯ್ಯೋ" ಎಂದಳು ಮಗಳು.

"ತಡೀರಿ, ಮಲಗಿ ನೋಡ್ಬೇಕು" ಎಂದು ಅಮ್ಮ ಮಂಚ ಏರಿ ಅಂಗಾತ ಮಲಗಿದಳು. ಉಳಿದ ಮೂವರೂ ಅಂಚು ಇಷ್ಟು ಬಿಗಿ ಬೇಕೋ, ಕೆಳಗಿನ ಸರಳು ತುಸು ಮೇಲೆ ಬರಬೇಕೋ ಎಂದು ಚರ್ಚೆಗಿಳಿದರು. "ನೀನೇನಂತೀಯ ಅಮ್ಮ?" ಎಂದು ಮಗಳು ತಿರುಗಿದಳು. ಅಮ್ಮ ನಿದ್ದೆ ಹೋಗಿದ್ದಳು. ಕೆಳಗೆ ಯಂತ್ರ ಬಡಿದುಕೊಳ್ಳುತ್ತಿತ್ತು, ಬಂದರಿನಲ್ಲಿ ಹಡಗೊಂದು ಕೂಗಿತು. ಅವಳ ರೆಪ್ಪೆಯೂ ಅಲುಗಲಿಲ್ಲ. ಅಮ್ಮ ಇಷ್ಟು ಸುಲಭವಾಗಿ ಮಲಗಿದ್ದನ್ನು ಮಗಳು ನೋಡಿರಲೇ ಇಲ್ಲ. ಹಗಲಿನಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಕಿವಿಗೆ ಹತ್ತಿ ತುರುಕಿಕೊಂಡು ಹೊರಳಾಡುತ್ತಿದ್ದವಳು ಅವಳು.

ಯಜಮಾನಿ ಬಾಯಿಗೆ ಸೆರಗು ಒತ್ತಿಕೊಂಡಳು. ಜಿರಾಫೆ ಚಪ್ಪಲಿ ಕೈಯಲ್ಲಿ ಹಿಡಿದು, ಇಷ್ಟುದ್ದದ ದೇಹವನ್ನು ಮಡಿಚಿಕೊಂಡು ತುದಿಗಾಲಲ್ಲಿ ಮೆಟ್ಟಿಲ ಕಡೆ ನಡೆದ. ಕೆಳಗೆ ಹೋಗಿ ಮುದ್ರಣಾಲಯದವರಿಗೆ ಗುಟ್ಟು ಹೇಳುವ ದನಿಯಲ್ಲಿ, "ಸ್ವಲ್ಪ ಮೆಲ್ಲಗೆ ನಡೆಸ್ರಪ್ಪ, ಮನೆಯವಳು ಮಲಗಿದಾಳೆ" ಎಂದ. ಹೇಳಿದ ಮೇಲೆ ತಾನು ಹೇಳಿದ್ದು ತನಗೇ ಕೇಳಿಸಿದಂತಾಗಿ, ಕಿವಿಯ ತನಕ ನಕ್ಕ.

ಮುಂದಿನ ವಾರ ಇಬ್ಬರೂ ಸಹಿ ಹಾಕಿ ಮದುವೆಯಾದರು. ಅದಾಗಿ ಕೆಲವು ದಿನಕ್ಕೆ ಮಗಳು ಅವರನ್ನು ನೋಡಲು ಹೋದಾಗ ಬಾಗಿಲು ತೆರೆದೇ ಇತ್ತು, ಮನೆಯೆಲ್ಲ ಬಣ್ಣದ ವಾಸನೆ. ಮೇಲಿನಿಂದ ಅಮ್ಮನ ದನಿ ಬಂತು, ಉಸಿರು ಕಟ್ಟಿದ ಉತ್ಸಾಹದಲ್ಲಿ:

"ಅಲ್ಲೇ ನಿಲ್ಲು! ಮೆಟ್ಟಿಲಿಗೆ ಹಳದಿ ಬಳೀತಾ ಇದೀವಿ. ಒಂದು ಬಿಟ್ಟು ಒಂದು ಹತ್ತು, ನಿನ್ನೆ ಬಳಿದಿರೋದೆಲ್ಲ ಒಣಗಿದೆ. ಅಲ್ಲ ಅಲ್ಲ, ತಡಿ, ಒಣಗಿರೋದು ಯಾವುದ್ರೀ?"