ಬಿ ಕ್ಲಾಸು

"ಎಂಟನೇ ಕ್ಲಾಸೂ ದಾಟದವನ ಕೈಗೆ ಕೇಬಲ್ ಕೊಟ್ರೆ ಹೀಗೇ ಆಗೋದು," ಎಂದ ಎಂಜಿನಿಯರು, ಲ್ಯಾಬಿನ ಅಷ್ಟೂ ಜನಕ್ಕೆ ಕೇಳುವ ಹಾಗೆ. "ಕಿತ್ತು ಹಾಕು ಎಲ್ಲಾನೂ. ಮೊದಲಿಂದ ಎಳಿ."

ಏಣಿಯ ಮೇಲಿದ್ದ ಹುಡುಗ ಕೆಳಗೆ ನೋಡಿದ. ನಲವತ್ತು ಕೇಬಲ್. ಆಸ್ಪತ್ರೆಯ ಈ ಎರಡನೇ ಮಹಡಿಯ ಸೀಲಿಂಗಿನೊಳಗೆ ಹನ್ನೊಂದು ದಿನ ಹೊಟ್ಟೆಯ ಮೇಲೆ ತೆವಳಿ ಎಳೆದದ್ದು. ಕೆಳಗೆ ನಿಂತಿದ್ದ ಕಂಟ್ರಾಕ್ಟರು ಅವನ ಸ್ವಂತ ಸೋದರಮಾವ. ಮಾವ ಒಂದು ಮಾತಾಡಬಹುದಿತ್ತು. ಆಡಿದ.

"ತಪ್ಪು ಇವನದೇ ಸಾರ್. ನಾಳೆಯಿಂದ ಬೇರೆಯವರನ್ನ ಕರ್ಕೊಂಬರ್ತೀನಿ."

ಹೊಸ ಲ್ಯಾಬಿನ ಕಂಪ್ಯೂಟರುಗಳಿಂದ ಕೆಳಗಿನ ಮಹಡಿಯ ಸರ್ವರಿಗೆ ಒಂದು ರಿಪೋರ್ಟೂ ಹೋಗುತ್ತಿರಲಿಲ್ಲ. ಲ್ಯಾಬಿನ ಮೇಡಂ ಬೆಳಿಗ್ಗೆಯಿಂದ ಕಾಗದ ಹಿಡಿದು ಮೆಟ್ಟಿಲು ಹತ್ತಿ ಇಳಿದು ಸುಸ್ತಾಗಿದ್ದಳು.

ಅವನು ಇಳಿದ. ಕೇಬಲ್ ಪರೀಕ್ಷಿಸುವ ಟೆಸ್ಟರಿನ ಎರಡು ತುಂಡುಗಳಲ್ಲಿ ಒಂದನ್ನು ಆಗಲೇ ಕೆಳಗಿನ ಮಹಡಿಯಲ್ಲಿ ಚುಚ್ಚಿ ಬಂದಿದ್ದ. ಇನ್ನೊಂದನ್ನು ಕೇಬಲ್ಲಿನ ಈ ತುದಿಗೆ ಚುಚ್ಚಿದ. ಒಳಗಿನ ಎಂಟು ತಂತಿಗಳ ಎಂಟು ಹಸಿರು ದೀಪಗಳು ಒಂದರ ಹಿಂದೊಂದು ಹತ್ತಿದವು. ಕೆಳಗೆ ಓಡಿ ಆ ತುಂಡಿನ ದೀಪಗಳನ್ನೂ ನೋಡಿ, ಅದನ್ನು ಕಿತ್ತು, ಕೇಬಲ್ಲಿನ ಆ ತುದಿಯನ್ನೂ ವಾಪಸು ಬಂದು ಈ ತುದಿಯನ್ನೂ ಮೊದಲಿದ್ದ ಜಾಗಕ್ಕೇ ಒತ್ತಿದ.

"ಕೇಬಲ್ ಸರಿಯಿದೆ ಸಾರ್. ನೀವು ಹಾಕಿರೋ ನಂಬರ್ ಸರಿಯಿಲ್ಲ."

ಯಾರೋ ಕಿಸಕ್ಕೆಂದರು.

"ಓಹೋ! ಹೇಳಿ ಮೇಷ್ಟ್ರೇ," ಎಂದ ಎಂಜಿನಿಯರು.

"ಕಂಪ್ಯೂಟರಿನ ವಿಳಾಸದಲ್ಲಿ ನಾಲ್ಕು ಸಂಖ್ಯೆ, ಇಲ್ಲಿ 172ರಿಂದ ಶುರು. ಅಂದ್ರೆ ಬಿ ಕ್ಲಾಸ್. ಮೊದಲ ಎರಡು ಸಂಖ್ಯೆ ಬೀದಿ, ಕೊನೇ ಎರಡು ಮನೆ. ಬೀದಿ ಎಲ್ಲಿಗೆ ಮುಗಿಯುತ್ತೆ ಅಂತ ಹೇಳೋದು ಮಾಸ್ಕು; ಕೆಳಗಿನ ಸರ್ವರಿನ ಮಾಸ್ಕಲ್ಲಿ 255 ಎರಡೇ ಸಲ ಇದೆ. ನೀವಿಲ್ಲಿ ಮೂರು ಸಲ ಹಾಕಿದೀರ, ಅದು ಸಿ ಕ್ಲಾಸಿಂದು. ಅದಕ್ಕೇ ಈ ಮಷಿನ್ನು ತನ್ನ ಬೀದಿಯವರನ್ನೇ ಬೇರೆ ಬೀದಿಯವರು ಅಂದ್ಕೊಂಡು ಮಾತು ಬಿಟ್ಟಿದೆ."

"ಕ್ಲಾಸಿಗೇ ಹೋಗದವನು ನಂಗೆ ಕ್ಲಾಸ್ ತಗೋತಿದಾನೆ!"

ಎಲ್ಲರೂ ನಕ್ಕರು. ಮಾವನೂ ನಕ್ಕ. ಐದು ವರ್ಷದಿಂದ ಊರೆಲ್ಲಾ ಕಂಪ್ಯೂಟರುಗಳಿಗೆ ವಿಳಾಸದ ಚೀಟಿ ಬರೆದು ಅಂಟಿಸಿದವನು ಈ ಹುಡುಗ. ಹಳೇ ಪದ್ಧತಿಯ ಕಡೆಯಲ್ಲೆಲ್ಲ ವಿಳಾಸದ ಮೊದಲ ಸಂಖ್ಯೆ 126ರವರೆಗಿದ್ದರೆ ಮಾಸ್ಕಲ್ಲಿ 255 ಒಂದು ಸಲ, 128ರಿಂದ 191ಕ್ಕೆ ಎರಡು, 192ರಿಂದ 223ಕ್ಕೆ ಮೂರು. ಯಾರೂ ಹೇಳಿಕೊಟ್ಟದ್ದಲ್ಲ, ಬರೆದೂ ಬರೆದೂ ಬೆರಳಿಗೆ ಬಂದದ್ದು. ಬೆರಳಿಗೆ ಬಂದದ್ದು ವಿದ್ಯೆಯಲ್ಲವೆಂದು ತೀರ್ಮಾನಿಸಿದವರು ಯಾರು?

"ನಂಗೆ ರಿಪೋರ್ಟ್ ಹೋದ್ರೆ ಸಾಕಪ್ಪ," ಎಂದಳು ಮೇಡಂ ಕುರ್ಚಿ ಎಳೆದುಕೊಂಡು. "ಎಲ್ಲಿ ಅಳಿಸ್ಬೇಕು, ತೋರ್ಸು."

ಅವನು ತೋರಿಸಿದ. ಅವಳು ಮೂರನೆಯ 255 ಅಳಿಸಿ ಸೊನ್ನೆ ಒತ್ತಿದಳು. ಒಂದು ನಿಮಿಷಕ್ಕೆ ಮೇಜಿನ ಫೋನು ಬಡಿದುಕೊಂಡಿತು.

"ಬಂತಂತೆ!" ಎಂದಳು. "ಕೆಳಗೆ ರಿಪೋರ್ಟ್ ಬಂತಂತೆ!"

ಎಂಜಿನಿಯರು ಗಂಟಲು ಸರಿಮಾಡಿಕೊಂಡ. "ನೋಡಿದ್ರಾ? ಪ್ಲಗ್ ಸಡಿಲಾಗಿತ್ತು. ಈಗ ಸರಿಯಾಗಿ ಒತ್ತಿದಾನೆ, ಅಷ್ಟೇ." ಹಾಗೆನ್ನುತ್ತಲೇ ಪಕ್ಕದ ಕಂಪ್ಯೂಟರಿಗೆ ಬಾಗಿ 255 ಅಳಿಸಿ ಸೊನ್ನೆ ಹಾಕಿದ. ಆಮೇಲೆ ಅದರ ಪಕ್ಕದ್ದಕ್ಕೆ ಹೋದ.

"ಹೌದು ಸಾರ್, ಪ್ಲಗ್ಗೇ," ಎಂದ ಮಾವ. ಅಳಿಯನತ್ತ ತಿರುಗಿ ಕಣ್ಣು ಮಿಟುಕಿಸಿದ. "ಲೋ, ನಾಳೆ ಬೇಗ ಬಾರೋ. ಮೂರನೇ ಮಹಡಿ ಬಾಕಿಯಿದೆ."

ಹುಡುಗ ಏಣಿ ಮಡಚಿ ಹೆಗಲಿಗೇರಿಸಿದ.

"ಕೇಳಿಸ್ತೇನೋ? ನಿಂಗೇ ಹೇಳಿದ್ದು!"

ಅವನು ಉದ್ದನೆಯ ಪಡಸಾಲೆಯಲ್ಲಿ ನಡೆದುಹೋದ. ಅಂಗಿಯ ಜೇಬಿನಲ್ಲಿ ಆರಿಸಲು ಮರೆತ ಟೆಸ್ಟರು, ಬಟ್ಟೆಯೊಳಗಿಂದಲೇ ಒಂದು, ಎರಡು, ಮೂರು ಎಂದು ಎಂಟರವರೆಗೆ ಹಸಿರಾಗಿ ಮಿನುಗುತ್ತ, ಮತ್ತೆ ಒಂದರಿಂದ ಶುರುಮಾಡುತ್ತಿತ್ತು.