ಕಿಟಕಿ ಮುಂದಿನ ಸಾಲು

ಅಪ್ಪನಿಗೆ ಒಂದು ಪಕ್ಕ ಬಿದ್ದುಹೋದ ಮೇಲೆ ಕಬ್ಬಿನ ಹೊಲ ಮಗಳ ಕೈಗೆ ಬಂತು. ಬಂದಿದ್ದೇ ತಡ, ಅವಳು ಮಾಡಿದ ಮೊದಲ ಘನಕಾರ್ಯ ಅಂದ್ರೆ ಹೊಲದ ತುಂಬ ಅಲಸಂದೆ ಬಿತ್ತಿದ್ದು. ಹೂ ಬಿಡ್ತಿದ್ದ ಹಾಗೇ ಟ್ರ್ಯಾಕ್ಟರ್ ಹೊಡೆಸಿ ಎಲ್ಲಾನೂ ಮಣ್ಣಲ್ಲಿ ಮುಚ್ಚಿಸಿಬಿಟ್ಟಳು. ಒಂದು ಕಾಳೂ ಯಾರ ಬಾಯಿಗೂ ಹೋಗ್ಲಿಲ್ಲ. ಅಣ್ಣ ಹೊಟ್ಟೆ ಹಿಡ್ಕೊಂಡು ನಕ್ಕ. ಅವತ್ತಿಂದ ಅವಳ ಹೆಸರೇ ಅಲಸಂದೆ ಪ್ರೊಫೆಸರ್.

ಅದರ ಬೇರಿನ ಗಂಟಲ್ಲೇ ಕಬ್ಬಿಗೆ ಬೇಕಾದ ಸತ್ವ ಇದೆ, ಯೂರಿಯಾ ಶುರುವಲ್ಲಿ ಚೂರು ಹಾಕಿದ್ರೆ ಸಾಕು ಅಂತ ಅವಳು ಬಾಯಿ ನೋಯೋ ತನಕ ಹೇಳಿದ್ಲು. ಅಣ್ಣ ಕೊನೆಗೆ ಒಂದು ಮಾತಿಗೆ ಒಪ್ಪಿದ. ಕಟಾವಿಗೆ ಮುಂಚೆ ಫ್ಯಾಕ್ಟರಿಯ ಫೀಲ್ಡ್‌ಮನ್ ಬಂದು ರಸ ನೋಡ್ಲಿ. ಸಿಹಿ ಇದ್ರೆ ಹೊಲ ಅವಳ ಕೈಲೇ ಇರುತ್ತೆ. ಇಲ್ಲಾಂದ್ರೆ ಗುತ್ತಿಗೆಗೆ ಕೊಟ್ಟು, ಅವಳು ಬಾಯಿ ಮುಚ್ಕೊಂಡು ಅವನ ಅಂಗಡೀಲಿ ಕೂರಬೇಕು.

ಕಬ್ಬು ಚೆನ್ನಾಗೇ ಬಂತು. ಬಲಿಯೋ ಕಾಲಕ್ಕೆ ಎಲೆ ಹಳದಿಗೆ ತಿರುಗ್ತು. ಹಾಗೆ ತಿರುಗಿದ್ರೇ ಒಳಗೆ ಸಕ್ಕರೆ ಕಟ್ಟೋದು, ಆಗ ಯೂರಿಯಾ ಬಿದ್ರೆ ಎಲೆ ಹಸಿರಾಗಿ ರಸ ನೀರಾಗುತ್ತೆ. ಆದ್ರೆ ಅಪ್ಪನ ಕಾಲದಲ್ಲಿ ಫ್ಯಾಕ್ಟರಿಯವರು ಬರೀ ತೂಕ ನೋಡ್ತಿದ್ರು, ಅವನು ಕೊನೇವರೆಗೂ ಯೂರಿಯಾ ಸುರೀತಿದ್ದ, ಕಡಿಯೋ ದಿನದವರೆಗೂ ಹೊಲ ಕಡುಹಸಿರು. ಕಿಟಕಿ ಪಕ್ಕದ ಮಂಚದಲ್ಲಿ ಮಲಗಿರೋ ಮನುಷ್ಯನಿಗೆ ಕಾಣೋದು ಮುಂದಿನ ನಾಲ್ಕು ಸಾಲು ಮಾತ್ರ. ಗೊಬ್ಬರ ಹಾಕ್ದೆ ಹೊಲಾನೇ ಉಪವಾಸ ಕೆಡವಿದವಳು ನಾಳೆ ನನ್ನನ್ನ ಬಿಡ್ತಾಳಾ ಅಂತ ತೊದಲ್ತಾ, ಅಮ್ಮ ಹಿಡಿದ ಚಮಚಕ್ಕೆ ಬಾಯಿ ತೆಗೀದೇ ಮುಖ ತಿರುಗಿಸ್ತಿದ್ದ. ಮಗಳು ಪಕ್ಕ ಕೂತು ಎಷ್ಟು ಸಲ ಬಿಡಿಸಿ ಹೇಳಿದ್ಲೋ. ಗೋಡೆಗೆ ಹೇಳಿದ ಹಾಗಿತ್ತು.

ಆಮೇಲೆ ಇದ್ದಕ್ಕಿದ್ದ ಹಾಗೆ ಉಣ್ಣೋಕೆ ಶುರುಮಾಡಿದ. ಕಿಟಕಿ ಮುಂದಿನ ಸಾಲೂ ಮತ್ತೆ ಹಸಿರಾಯ್ತು. ಬಚ್ಚಲ ನೀರು ಅಲ್ಲಿಗೇ ಹೋಗುತ್ತಲ್ಲ, ಅದಕ್ಕೇ ಇರ್ಬೇಕು ಅಂದ್ಕೊಂಡು ಮಗಳು ತಲೆ ಕೆಡಿಸ್ಕೊಳ್ಳಲಿಲ್ಲ.

ಫೀಲ್ಡ್‌ಮನ್ ಬಂದ ದಿನ ಅಣ್ಣ ತಂಗಿಗೆ ಉಪಕಾರ ಮಾಡೋ ಗತ್ತಲ್ಲಿ ಅದೇ ಸಾಲು ತೋರಿಸಿದ. ಇರೋದ್ರಲ್ಲಿ ಲಕ್ಷಣವಾಗಿರೋದು ಇದೇ, ಇಲ್ಲೇ ಕಡೀರಿ ಅಂದ. ಫೀಲ್ಡ್‌ಮನ್ ನಾಲ್ಕು ಜಲ್ಲೆ ಕಡಿದು, ರಸ ಗಾಜಿನ ಮೇಲೆ ಬಿಟ್ಟು, ಸಿಹಿ ಅಳೆಯೋ ಕೊಳವೆ ಕಣ್ಣಿಗೆ ಹಿಡಿದ. ಒರೆಸಿ ಮತ್ತೆ ನೋಡಿದ.

"ಬರೀ ನೀರಕ್ಕ," ಅಂದ.

ಅವಳು ಬುಡ ನೋಡಿದ್ಲು. ಒದ್ದೆ ಮಣ್ಣಲ್ಲಿ ಬಿಳೀ ಹರಳು ಇನ್ನೂ ಪೂರ್ತಿ ಕರಗಿರ್ಲಿಲ್ಲ. ತಲೆ ಎತ್ತಿದ್ರೆ ಹಿತ್ತಲ ಬಾಗಿಲಲ್ಲಿ ಅಮ್ಮ, ಕೈಯಲ್ಲಿ ಬೋಗುಣಿ. ಹೋದ ವರ್ಷ ಮಿಕ್ಕಿದ ಯೂರಿಯಾ ಮೂಟೆ ಅಟ್ಟದ ಮೇಲಿತ್ತು. ಗಂಡ ಎರಡು ತುತ್ತು ಉಣ್ಲಿ ಅಂತ ಅಮ್ಮ ಅದನ್ನ ಕರಗಿಸಿ ಸುರೀತಾ, ನಿಮ್ಮ ಮಗಳೇ ಹಾಕಿದ್ಲು ಅಂತ ಹೇಳ್ತಾ ಬಂದಿದ್ಲು.

"ಅಣ್ಣ, ಒಳಗಿನ ಸಾಲು ಕಡಿಸು."

"ಯಾಕೆ? ಇದಕ್ಕೇನಾಗಿದೆ?"

ಕಿಟಕಿ ಪೂರ್ತಿ ತೆರೆದಿತ್ತು. ಅಪ್ಪ ಕಿವಿ ಕೊಟ್ಟು ಮಲಗಿದ್ದ. ಅಮ್ಮ ಮೆಲ್ಲಗೆ ತಲೆ ಆಡಿಸಿದ್ಲು, ಬೇಡ ಅಂತ.

ಅವಳು ಕಾಲಲ್ಲಿ ಮಣ್ಣೆಳೆದು ಆ ಹರಳು ಮುಚ್ಚಿದ್ಲು.

"ಏನಿಲ್ಲ ಬಿಡು."

ಚೆನ್ನಾಗಿರೋದೇ ಹೀಗಾದ್ರೆ ಒಳಗಿನ ಹಳದೀದು ಕೇಳೋದೇ ಬೇಡ ಅಂತ ಅಣ್ಣ ಫೋನ್ ತೆಗೆದ. ಗುತ್ತಿಗೆಯವನ ಜೊತೆ ಮಾತಾಡ್ತಾ ಗೇಟಿನ ಕಡೆ ನಡೆದ. ಪ್ರೊಫೆಸರ್ ಅಂತ ಈ ಸಲ ಅನ್ನಲಿಲ್ಲ. ಅಂದಿದ್ರೇ ವಾಸಿ ಇತ್ತು.

ಒಳಗೆ ಬಂದಾಗ ಅಪ್ಪ ಸರಿ ಇರೋ ಕೈ ಎತ್ತಿ ಅವಳ ಮಣಿಕಟ್ಟು ಹಿಡಿದ. ಅರ್ಧ ಮುಖ ನಗ್ತಿತ್ತು.

"ಕೊನೆಗೂ ನನ್ನ ಮಾತು ಕೇಳ್ದೆ ಅಲ್ವಾ," ಅಂದ. "ಒಳಗಿನದಕ್ಕೂ ಹಾಕಮ್ಮ. ಪಾಪ, ಹಸ್ಕೊಂಡಿರುತ್ತೆ."